ಮಕ್ಕಳು ಆಡ್ವಾಗ ಏನು ನೋಡ್ಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ಈ ಪುಟ ಎರಡರಿಂದ ಹತ್ತು ವರ್ಷದ ಮಕ್ಕಳನ್ನ ನೋಡ್ಕೊಳ್ಳೋರಿಗೆ. ಅಪ್ಪ ಅಮ್ಮ, ಅಜ್ಜಿ ತಾತ, ಅಂಗನವಾಡಿ ಮತ್ತೆ ನರ್ಸರಿ ಟೀಚರ್‌ಗಳು, ಜೊತೆಗೆ ಚೈಲ್ಡ್ ಡೆವಲಪ್‌ಮೆಂಟ್ ಓದ್ತಾ ಅಬ್ಸರ್ವೇಶನ್ ರೆಕಾರ್ಡ್ ಬರೀಬೇಕಾದ ಸ್ಟೂಡೆಂಟ್ಸ್. ಬರೋ ಪ್ರಶ್ನೆಗಳಲ್ಲಿ ಮುಕ್ಕಾಲು ಭಾಗ "ನಮ್ಮ ಮಗು ಬೇರೆಯವ್ರ ಜೊತೆ ಬೆರೀತಾ ಇದ್ಯಾ ಇಲ್ವಾ" ಅನ್ನೋದೇ. ನಾನು ಎಲ್ರಿಗೂ ಹೇಳೋದು ಇಷ್ಟು, ಮಗು ಯಾವ ಥರದ ಆಟದಲ್ಲಿದೆ ಅಂತ ಒಂದ್ಸಲ ಇಣುಕಿ ನೋಡಿ ತೀರ್ಮಾನಕ್ಕೆ ಬರ್ಬೇಡಿ, ಸ್ವಲ್ಪ ಹೊತ್ತು ಕೂತು ಅದು ಒಂದು ಆಟದಿಂದ ಇನ್ನೊಂದಕ್ಕೆ ಹೆಂಗೆ ದಾಟತ್ತೆ, ಗುಂಪೊಳಗೆ ಹೆಂಗೆ ಸೇರ್ಕೊಳತ್ತೆ, ಜಗಳ ಆದ್ಮೇಲೆ ಹೆಂಗೆ ವಾಪಸ್ ಬರತ್ತೆ ಅಂತ ನೋಡಿ.

ಸಾಲಿಟರಿ ಪ್ಲೇ, ಪ್ಯಾರಲಲ್ ಪ್ಲೇ ಅಂತೆಲ್ಲ ಸ್ಕೂಲಲ್ಲಿ ಹೇಳ್ತಾರಲ್ಲ, ಅದೆಲ್ಲ ಎಲ್ಲಿಂದ ಬಂದಿದ್ದು?

ಅಮೆರಿಕದ ಮಿನ್ನೆಸೋಟ ಯೂನಿವರ್ಸಿಟಿಯಿಂದ. ಅಲ್ಲಿನ ನರ್ಸರಿ ಸ್ಕೂಲಲ್ಲಿ ಮಿಲ್ಡ್ರೆಡ್ ಪಾರ್ಟನ್ ಅನ್ನೋರು 1926-27ರಲ್ಲಿ ಮಕ್ಕಳು ತಮ್ಮಿಷ್ಟಕ್ಕೆ ಆಡೋ ಹೊತ್ತಲ್ಲಿ ಕೂತು, ಒಂದು ಮಗುವನ್ನ ಒಂದು ನಿಮಿಷ ನೋಡೋದು ಬರ್ಕೊಳ್ಳೋದು, ಆಮೇಲೆ ಮುಂದಿನ ಮಗು, ಹಿಂಗೆ ತಿಂಗಳುಗಟ್ಲೆ ಮಾಡಿದ್ರು. 42 ಮಕ್ಕಳು, ಸುಮಾರು ಎರಡರಿಂದ ಐದು ವರ್ಷದೊಳಗಿನವ್ರು. 1932ರಲ್ಲಿ ಅದು ಪ್ರಕಟ ಆಯ್ತು, ಇವತ್ತಿಗೂ ಬಿ.ಎಡ್. ನೋಟ್ಸಲ್ಲಿ ಇರೋದು ಅದೇ ಆರು ವಿಧ.

ನಮ್ಮ ಬೀದೀಲೇ ಆರನ್ನೂ ನೋಡ್ಬಹುದು. ಯಾರೋ ಮನೆ ಕಟ್ತಿರ್ತಾರೆ, ಮುಂದೆ ಒಂದು ಮರಳು ಗುಡ್ಡೆ ಬಿದ್ದಿರತ್ತೆ ಅಂದ್ಕೊಳ್ಳಿ. ಒಬ್ಬ ಏನೂ ಮಾಡ್ದೆ ಸುಮ್ನೆ ಅತ್ತಿತ್ತ ಅಡ್ಡಾಡ್ತಿರ್ತಾನೆ. ಇನ್ನೊಬ್ಳು ಗೇಟ್ ಹಿಡ್ಕೊಂಡು ಬೇರೆಯವ್ರು ಆಡೋದನ್ನೇ ನೋಡ್ತಾ ನಿಂತಿರ್ತಾಳೆ, ಮಧ್ಯೆ ಮಧ್ಯೆ ಏನೋ ಕೇಳ್ತಾಳೆ, ಆದ್ರೆ ಇಳಿಯಲ್ಲ. ಮೂರನೆಯವ್ನು ಆ ಕಡೆ ತುದೀಲಿ ಬೆನ್ನು ಹಾಕ್ಕೊಂಡು ಕಾಲ ಮೇಲೆ ಮರಳು ತಟ್ಟಿ ಗುಬ್ಬಿಗೂಡು ಮಾಡ್ತಿರ್ತಾನೆ, ಪಕ್ಕದಲ್ಲಿ ಯಾರಿದ್ರೂ ಅವ್ನಿಗೆ ಲಕ್ಷ್ಯ ಇಲ್ಲ, ಇದು ಸಾಲಿಟರಿ. ಇನ್ನಿಬ್ರು ಅಕ್ಕಪಕ್ಕ ಕೂತು ಇಬ್ರೂ ಡಬ್ಬಕ್ಕೆ ಮರಳು ತುಂಬ್ತಿರ್ತಾರೆ, ಒಂದೇ ಕೆಲ್ಸ, ಆದ್ರೆ ಅವ್ರವ್ರದ್ದು ಅವ್ರವ್ರಿಗೆ, ಇದು ಪ್ಯಾರಲಲ್. ಇನ್ನೊಂದು ಗುಂಪು "ಆ ಚಮಚ ಕೊಡೇ", "ನೋಡೋ ನಂದು" ಅಂತ ಮಾತಾಡ್ತಾ, ಸಾಮಾನು ಕೊಟ್ಟು ತಗೊಂಡು ಮಾಡ್ತಾ ಆಡತ್ತೆ, ಆದ್ರೆ ಎಲ್ರೂ ಸೇರಿ ಏನು ಮಾಡ್ತಿದೀವಿ ಅನ್ನೋದಿಲ್ಲ, ಇದನ್ನ ಅಸೋಸಿಯೇಟಿವ್ ಅಂದ್ರು. ಕೊನೇದು, ನಾಲ್ಕು ಜನ ಸೇರಿ ಡ್ಯಾಮ್ ಕಟ್ಟೋದು, ಒಬ್ಬ ನೀರು ತರೋನು, ಒಬ್ಳು ಗೋಡೆ ಕಟ್ಟೋಳು, ಒಬ್ಬ ಬರೀ ಹುಕುಂ ಮಾಡೋನು. ಅದು ಕೋಆಪರೇಟಿವ್.

ಅಂದ್ರೆ ಇದು ಮೆಟ್ಟಿಲು ಥರಾನಾ? ಮಗು ಒಂದೊಂದೇ ಹತ್ತುತ್ತಾ ಹೋಗ್ಬೇಕಾ?

ಹಂಗೆ ಓದಿದ್ದೇ ಎಷ್ಟೋ ಅಪ್ಪ ಅಮ್ಮಂದ್ರ ನಿದ್ದೆ ಕೆಡಿಸಿರೋದು. ವಯಸ್ಸಾಗ್ತಾ ಜೊತೆಗೂಡಿ ಆಡೋದು ಜಾಸ್ತಿ ಆಗತ್ತೆ ಅನ್ನೋದು ನಿಜ, ಪಾರ್ಟನ್ ಕೂಡ ಅದನ್ನೇ ಕಂಡ್ರು. ಆದ್ರೆ ಒಂದು ಬಂದ್ರೆ ಹಿಂದಿನದು ಹೋಗಲ್ಲ. ಐದು ವರ್ಷದವ್ಳು ಬೆಳಿಗ್ಗೆ ಡ್ಯಾಮ್ ಕಟ್ಟಿರ್ತಾಳೆ, ಸಂಜೆ ಒಬ್ಳೇ ಕೂತು ಮಣಿ ಪೋಣಿಸ್ತಾಳೆ.

1971ರಲ್ಲಿ ಕೀತ್ ಬಾರ್ನ್ಸ್ ಅನ್ನೋರು ಇದೇ ಲೆಕ್ಕ ಮತ್ತೆ ಮಾಡಿ ನೋಡಿದಾಗ, ಅವ್ರು ನೋಡಿದ ಮಕ್ಕಳು ಪಾರ್ಟನ್ ಮಕ್ಕಳಿಗಿಂತ ಕಮ್ಮಿ ಜೊತೆಗೂಡಿ ಆಡ್ತಿದ್ರು. ಅಂದ್ರೆ ಒಂದೂರಿನ ಒಂದು ನರ್ಸರಿ ಲೆಕ್ಕ ಇಟ್ಕೊಂಡು ಜಗತ್ತಿನ ಮಕ್ಕಳನ್ನೆಲ್ಲ ಅಳೆಯೋಕಾಗಲ್ಲ. ಆಮೇಲೆ ಕೆನೆತ್ ರೂಬಿನ್ ಮತ್ತೆ ಅವ್ರ ಜೊತೆಯವ್ರು 1976ರಿಂದೀಚೆಗೆ ಒಂದು ಒಳ್ಳೆ ಪ್ರಶ್ನೆ ಎತ್ತಿದ್ರು: ಒಬ್ನೇ ಆಡ್ತಿದಾನೆ ಸರಿ, ಆದ್ರೆ ಒಬ್ನೇ ಏನು ಮಾಡ್ತಿದಾನೆ? ಸುಮ್ನೆ ಚಕ್ರ ತಿರುಗಿಸ್ತಾ ಕೂತಿರೋದೂ ಒಬ್ನೇ ಆಡೋದೇ, ಬ್ಲಾಕ್ಸಲ್ಲಿ ಮೆಟ್ರೋ ಸ್ಟೇಷನ್ ಕಟ್ತಿರೋದೂ ಒಬ್ನೇ ಆಡೋದೇ, ಎರಡನ್ನೂ ಒಂದೇ ಡಬ್ಬಕ್ಕೆ ಹಾಕಿದ್ರೆ ಏನೂ ತಿಳಿಯಲ್ಲ.

ನಂಗೆ ಇವೆಲ್ಲದ್ರಲ್ಲಿ ತುಂಬಾ ಉಪಯೋಗಕ್ಕೆ ಬಂದಿದ್ದು 1980ರಲ್ಲಿ ಬೇಕ್‌ಮನ್ ಮತ್ತೆ ಬ್ರೌನ್‌ಲೀ ಅನ್ನೋ ಇಬ್ರು ಸಂಶೋಧಕರು ತೋರಿಸಿದ್ದು. ಅವ್ರು ಯಾವ ಆಟ ಎಷ್ಟು ಹೊತ್ತು ಅಂತ ಎಣಿಸ್ಲಿಲ್ಲ, ಯಾವುದರ ಹಿಂದೆ ಯಾವುದು ಬರತ್ತೆ ಅಂತ ನೋಡಿದ್ರು. ಪಕ್ಕಪಕ್ಕ ಆಡೋದರ ಹಿಂದೇನೇ ಒಟ್ಟಿಗೆ ಆಡೋದು ಬರ್ತಿತ್ತು. ಮಗು ಹೋಗಿ ಇನ್ನೊಂದು ಮಗು ಪಕ್ಕ ಕೂತು ಅದೇ ಕೆಲ್ಸ ಶುರು ಮಾಡಿದ್ರೆ ಅದು ಬೆರೆಯೋಕೆ ಬರ್ದೆ ಇರೋದಲ್ಲ, ಬೆರೆಯೋಕೆ ದಾರಿ ಮಾಡ್ಕೊಳ್ತಿರೋದು.

ನನ್ನ ಮಗ ನಾಲ್ಕು ವರ್ಷ, ಯಾವಾಗ್ಲೂ ಒಬ್ನೇ ಆಡ್ತಾನೆ. ಪ್ಲೇಗ್ರೂಪಿಗೆ ಹಾಕಿದ್ರೂ ಅಷ್ಟೇ.

ಮೊದ್ಲು "ಯಾವಾಗ್ಲೂ" ಅನ್ನೋದನ್ನ ಚೆಕ್ ಮಾಡಿ, ಮನೇಲಿ, ಸ್ಕೂಲಲ್ಲಿ, ಅಜ್ಜಿ ಊರಲ್ಲಿ ಕಸಿನ್ಸ್ ಜೊತೆ, ಎಲ್ಲಾ ಕಡೆ ಒಂದೇ ಥರ ಇದಾನಾ? ಮೂವತ್ತು ಮಕ್ಕಳ ಗದ್ದಲದಲ್ಲಿ ಮೂಲೆ ಹಿಡಿಯೋ ಎಷ್ಟೋ ಮಕ್ಕಳು ಮನೇಲಿ ಪಕ್ಕದ್ಮನೆ ಒಬ್ಬ ಹುಡುಗನ ಜೊತೆ ಸಂಜೆಯೆಲ್ಲ ಆಡ್ತಾರೆ. ಆಮೇಲೆ ಮುಖ ನೋಡಿ. ಆಟದಲ್ಲಿ ಮುಳುಗಿ, ತನ್ನಷ್ಟಕ್ಕೆ ಗುನುಗ್ತಾ, ಯಾರಾದ್ರೂ ಪಕ್ಕಕ್ಕೆ ಬಂದ್ರೆ ಜಾಗ ಬಿಟ್ಟುಕೊಟ್ಟು ಮತ್ತೆ ತನ್ನ ಕೆಲ್ಸಕ್ಕೆ ಹೋದ್ರೆ ಅವ್ನಿಗೆ ಒಂಟಿಯಾಗಿ ಆಡೋದು ಇಷ್ಟ ಅಷ್ಟೇ. ಆದ್ರೆ ಕೈಯಲ್ಲಿ ಆಟದ ಸಾಮಾನಿದ್ರೂ ಕಣ್ಣು ಗುಂಪಿನ ಕಡೇನೇ ಇದ್ರೆ, ಎರಡು ಹೆಜ್ಜೆ ಮುಂದೆ ಹೋಗಿ ವಾಪಸ್ ಬಂದ್ರೆ, ಅವ್ನಿಗೆ ಹೋಗೋಕೆ ಆಸೆ ಇದೆ, ಹೆದ್ರಿಕೆನೂ ಇದೆ. ಇವೆರಡಕ್ಕೆ ನೀವು ಮಾಡ್ಬೇಕಾದ್ದು ಬೇರೆ ಬೇರೆ. ಮೊದಲನೆಯವನನ್ನ ಬಿಟ್ಬಿಡಿ. ಎರಡನೆಯವನಿಗೆ ಗುಂಪು ಬೇಡ, ಒಬ್ಬೇ ಒಬ್ಬ ಗೆಳೆಯ ಸಾಕು, ಆ ಮಗುವನ್ನ ಮನೆಗೆ ಕರೀರಿ, ತಿಂಡಿ ಕೊಡಿ, ಆಮೇಲೆ ಅವ್ರಿಬ್ರನ್ನೇ ಬಿಟ್ಟು ನೀವು ಅಡುಗೆಮನೆ ಕೆಲ್ಸ ನೋಡ್ಕೊಳ್ಳಿ.

ಸುಮ್ನೆ ನಿಂತು ನೋಡ್ತಾಳೆ, ಆಡೋಕೆ ಹೋಗು ಅಂತ ತಳ್ಳಿದ್ರೆ ಅಳ್ತಾಳೆ.

ತಳ್ಬೇಡಿ. ನಿಂತು ನೋಡೋದೂ ಕೆಲ್ಸಾನೇ. ಕುಂಟೆಬಿಲ್ಲೆ ಆಡೋದನ್ನ ಯಾರೂ ಪಾಠ ಮಾಡಿ ಕಲ್ಸಿಲ್ಲ, ಎಲ್ರೂ ಕಟ್ಟೆ ಮೇಲೆ ಕೂತು ನೋಡೇ ಕಲ್ತಿದ್ದು. ನೋಡೋ ಮಗು ಏನೇನು ಕಲೀತಿದೆ ಅಂತ ಗೊತ್ತಾಗ್ಬೇಕಂದ್ರೆ ಮನೆಗೆ ಬಂದ್ಮೇಲೆ ಗಮನಿಸಿ, ಹೊರಗೆ ಬಾಯಿ ಬಿಡ್ದೇ ಇದ್ದವ್ಳು ಮನೇಲಿ ಗೊಂಬೆಗಳನ್ನ ಸಾಲಾಗಿ ಕೂರಿಸ್ಕೊಂಡು ಅದೇ ಆಟ ಆಡ್ಸ್ತಿರ್ತಾಳೆ. ವಾರಗಟ್ಲೆ ಆದ್ರೂ ಬರೀ ನೋಡೋದರಲ್ಲೇ ಇದ್ರೆ ನೀವೇ ಅವ್ಳ ಜೊತೆ ಹೋಗಿ ಗುಂಪಿನ ಹತ್ರ ಕೂತು ಅದೇ ಥರ ಏನಾದ್ರೂ ಶುರು ಮಾಡಿ, ಮಾತಾಡ್ಸೋಕೆ ಹೋಗ್ಬೇಡಿ.

ಎರಡು ವರ್ಷದವ್ನು ಯಾರಿಗೂ ಏನೂ ಶೇರ್ ಮಾಡಲ್ಲ.

ಆ ವಯಸ್ಸಲ್ಲಿ ಎಲ್ರೂ ಹಂಗೇ. "ನಂದು" ಅನ್ನೋದು ಗಟ್ಟಿ ಆದ್ಮೇಲೇನೇ ಕೊಡೋದು ಬರೋದು. ಒಂದೇ ಥರದ್ದು ಎರಡು ಇಡಿ, ಎರಡು ಲೋಟ ಎರಡು ಚಮಚ, ಜಗಳ ಅರ್ಧ ಕಮ್ಮಿ ಆಗತ್ತೆ.

"ನನ್ನೂ ಸೇರಿಸ್ಕೊಳ್ಳಿ" ಅಂತ ಕೇಳಿದ್ರೆ ಬೇರೆ ಮಕ್ಕಳು "ಇಲ್ಲ" ಅಂತಾರಂತೆ. ತುಂಬಾ ನೋವಾಗತ್ತೆ ನೋಡೋಕೆ.

ನಿಜ, ನೋಡೋಕೆ ಕಷ್ಟ. ಈ ವಿಷಯ ತುಂಬಾ ಹತ್ರದಿಂದ ನೋಡಿದವ್ರು ವಿಲಿಯಂ ಕೊರ್ಸಾರೊ, ಅಮೆರಿಕದ ಸಮಾಜಶಾಸ್ತ್ರಜ್ಞ, ಕ್ಯಾಲಿಫೋರ್ನಿಯಾದ ಬರ್ಕ್‌ಲಿಯಲ್ಲಿ, ಆಮೇಲೆ ಇಟಲಿಯಲ್ಲಿ ನರ್ಸರಿ ಮಕ್ಕಳ ಮಧ್ಯೆನೇ ನೆಲದ ಮೇಲೆ ಕೂತು ತಿಂಗಳುಗಟ್ಲೆ ಕಳೆದವ್ರು. ಅವ್ರಿಗೆ ಕಂಡಿದ್ದು, "ನಾನೂ ಬರ್ಲಾ" ಅಂತ ನೇರವಾಗಿ ಕೇಳಿದ್ರೆ ಸುಮಾರು ಸಲ "ಬೇಡ" ಅಂತಾನೇ ಉತ್ತರ ಬರತ್ತೆ. ಅದನ್ನ ತಿಳ್ಕೊಂಡಿರೋ ಮಕ್ಕಳು ಮೊದ್ಲು ಸುತ್ತ ಓಡಾಡ್ತಾರೆ, ನಿಂತು ಏನು ಆಟ ಅಂತ ಅರ್ಥ ಮಾಡ್ಕೊಳ್ತಾರೆ, ಆಮೇಲೆ ಬಾಯಿ ಬಿಡ್ದೆ ಅದೇ ಕೆಲ್ಸ ಶುರು ಮಾಡ್ತಾರೆ. ಅಡುಗೆ ಆಟ ನಡೀತಿದ್ರೆ ಎಲೆ ಕಿತ್ಕೊಂಡು ಬಂದು "ಸೊಪ್ಪು ತಂದೆ" ಅಂತ ಮುಂದಿಡ್ತಾರೆ, ಆಗ ಬೇಡ ಅನ್ನೋರು ಕಮ್ಮಿ.

ಇನ್ನೊಂದು ಮಾತನ್ನೂ ಅವ್ರು ಹೇಳ್ತಾರೆ, ನಂಗದು ತುಂಬಾ ಮುಖ್ಯ ಅನ್ಸತ್ತೆ: ಒಳಗಿರೋ ಮಕ್ಕಳು ಇಲ್ಲ ಅನ್ನೋದು ಎಲ್ಲಾ ಸಲ ಕೆಟ್ಟ ಬುದ್ಧಿಯಿಂದಲ್ಲ. ಕಷ್ಟಪಟ್ಟು ಕಟ್ಟಿದ ಆಟ ಹೊಸಬ್ರು ಬಂದ್ರೆ ಕೆಟ್ಟು ಹೋಗತ್ತೆ ಅಂತ ಅದನ್ನ ಕಾಪಾಡ್ಕೊಳ್ತಿರ್ತಾರೆ. ಹಾಗಾಗಿ ನೀವು ಹೋಗಿ "ಯಾಕ್ರೋ ಸೇರಿಸ್ಕೊಳ್ಳಲ್ಲ" ಅಂತ ಗದರೋದಕ್ಕೆ ಮುಂಚೆ ನೋಡಿ, ಇವತ್ತು ಬೇಡ ಅಂದವ್ರು ನಾಳೆ ಸೇರಿಸ್ಕೊಳ್ತಾರಾ? ಬೇಡ ಅನ್ನಿಸ್ಕೊಳ್ಳೋದು ದಿನಕ್ಕೊಬ್ರಾ ಅಥ್ವಾ ದಿನಾ ಅದೇ ಒಂದು ಮಗುನಾ? ದಿನಾ ಅದೇ ಮಗು ಆದ್ರೆ, ಅದರಲ್ಲೂ ಬಣ್ಣ, ಜಾತಿ, ಬಟ್ಟೆ, ಮಾತಾಡೋ ರೀತಿ ಇಟ್ಕೊಂಡು ದೂರ ಇಡ್ತಿದ್ರೆ ಅದು ಆಟದ ವಿಷಯವೇ ಅಲ್ಲ, ದೊಡ್ಡವ್ರಿಂದ ಕಲ್ತಿದ್ದು, ಅಲ್ಲಿ ದೊಡ್ಡವ್ರು ಅವತ್ತೇ ಮಧ್ಯೆ ಬರ್ಬೇಕು.

ಮನೆ ಆಟ, ಟೀಚರ್ ಆಟ, ಡಾಕ್ಟರ್ ಆಟದಲ್ಲಿ ಏನು ನೋಡೋದಿದೆ? ಬರೀ ನಟನೆ ತಾನೆ?

ಅಯ್ಯೋ, ನೋಡೋಕೆ ಅತಿ ಹೆಚ್ಚು ಸಿಗೋದೇ ಅಲ್ಲಿ. ಆಟಕ್ಕಿಂತ ಆಟ ಶುರು ಆಗೋ ಮುಂಚಿನ ಮಾತುಕತೆ ಕೇಳಿಸ್ಕೊಳ್ಳಿ. "ನಾನು ಅಮ್ಮ ಅಂತೆ, ನೀನು ಪಾಪು ಅಂತೆ, ನಿಂಗೆ ಜ್ವರ ಬಂದಿತ್ತಂತೆ", "ಇಲ್ಲ ನಂಗೆ ಪಾಪು ಬೇಡ, ನಾನು ನಿನ್ನೆನೂ ಪಾಪು ಆಗಿದ್ದೆ". ಇಲ್ಲಿ ಚೌಕಾಸಿ ನಡೀತಿದೆ, ಯಾರು ಏನಾಗ್ಬೇಕು, ಕಥೆ ಎಲ್ಲಿಗೆ ಹೋಗ್ಬೇಕು, ಎಷ್ಟು ಬಿಟ್ಟುಕೊಡ್ಬೇಕು. ಆಟದ ಮಧ್ಯದಲ್ಲೇ ಅಮ್ಮನ ದನಿ ಬಿಟ್ಟು ತನ್ನ ದನೀಲಿ "ಏ ಈಗ ನೀನು ಅಳ್ಬೇಕು ಕಣೇ" ಅಂತ ಹೇಳಿ, ತಕ್ಷಣ ಮತ್ತೆ ಅಮ್ಮ ಆಗೋದು ನಾಲ್ಕು ವರ್ಷದ ಮಗುಗೆ ಬರತ್ತೆ ಅಂದ್ರೆ ಅದು ಎಂಥಾ ದೊಡ್ಡ ಕೆಲ್ಸ ಯೋಚ್ನೆ ಮಾಡಿ, ಆಟದ ಒಳಗೂ ಇರ್ಬೇಕು, ಹೊರಗೆ ನಿಂತು ನಡೆಸ್ತಾನೂ ಇರ್ಬೇಕು.

ಸೋವಿಯತ್ ಮನಃಶಾಸ್ತ್ರಜ್ಞ ಲೆವ್ ವೈಗೋಟ್‌ಸ್ಕಿ 1933ರ ಒಂದು ಉಪನ್ಯಾಸದಲ್ಲಿ ನಿಜವಾದ ಅಕ್ಕ-ತಂಗಿ ಇಬ್ರು ಸೇರಿ "ಅಕ್ಕ-ತಂಗಿ ಆಟ" ಆಡೋ ಉದಾಹರಣೆ ಕೊಡ್ತಾರೆ. ದಿನಾ ಹೆಂಗೋ ಇರೋ ಹುಡುಗೀರು ಆಟದಲ್ಲಿ ಮಾತ್ರ ಅಕ್ಕ ಅಂದ್ರೆ ಹೆಂಗಿರ್ಬೇಕು ಅಂತ ನೆನಪಿಟ್ಕೊಂಡು ಹಂಗೇ ಇರ್ತಾರೆ. ಅವ್ರು ಹೇಳೋದು, ನಟನೆ ಆಟ ಅಂದ್ರೆ ಮನಸ್ಸಿಗೆ ಬಂದಂಗೆ ಇರೋದಲ್ಲ, ಅದರಲ್ಲೂ ನಿಯಮ ಇರತ್ತೆ. ನಮ್ಮ ಮಕ್ಕಳ ಟೀಚರ್ ಆಟ ನೋಡಿದ್ರೆ ಸಾಕು, ಟೀಚರ್ ಆದವ್ಳು ಸ್ಕೇಲ್ ಹಿಡ್ಕೊಂಡ ತಕ್ಷಣ ಕನ್ನಡ ಬಿಟ್ಟು "ಕೀಪ್ ಕ್ವಯಟ್" ಅಂತ ಶುರು ಮಾಡ್ತಾಳೆ, ಕೂತಿರೋರು ಕೈ ಕಟ್ಟಿ ಬಾಯಿ ಮೇಲೆ ಬೆರಳಿಡ್ತಾರೆ. ನಿಮ್ಮ ಮನೆ, ನಿಮ್ಮ ಸ್ಕೂಲು ಮಗುವಿನ ಕಣ್ಣಲ್ಲಿ ಹೆಂಗಿದೆ ಅಂತ ಅಲ್ಲಿ ಕಾಣತ್ತೆ. ಹಾಗಂತ ಆಟದಲ್ಲಿ ಗೊಂಬೆಗೆ ಹೊಡೆದ್ಲು ಅಂದ ತಕ್ಷಣ ಯಾರೋ ಮಗುಗೆ ಹೊಡೀತಿದಾರೆ ಅಂತ ಅಂದ್ಕೊಳ್ಬೇಡಿ, ಮಕ್ಕಳು ನೋಡಿದ್ದು, ಕೇಳಿದ್ದು, ಟಿವೀಲಿ ಬಂದಿದ್ದು ಎಲ್ಲಾ ಸೇರಿಸ್ತಾರೆ.

ಗುದ್ದಾಡ್ತಾರೆ, ಮೇಲೆ ಬಿದ್ದು ಒದ್ದಾಡ್ತಾರೆ. ಆಟನಾ ಜಗಳನಾ ಹೆಂಗೆ ಗೊತ್ತಾಗತ್ತೆ?

1967ರಲ್ಲಿ ನಿಕೋಲಸ್ ಬ್ಲರ್ಟನ್ ಜೋನ್ಸ್ ಅನ್ನೋ ಸಂಶೋಧಕರು ಲಂಡನ್‌ನ ನರ್ಸರಿ ಮಕ್ಕಳನ್ನ, ಪ್ರಾಣಿಗಳನ್ನ ಸ್ಟಡಿ ಮಾಡೋ ವಿಧಾನದಲ್ಲೇ ನೋಡಿ ಬರೆದಿದ್ದು ಇವತ್ತಿಗೂ ಕೆಲ್ಸಕ್ಕೆ ಬರತ್ತೆ. ಆಟ ಆದ್ರೆ ನಗು ಇರತ್ತೆ, ಬಾಯಿ ತೆರ್ಕೊಂಡಿರತ್ತೆ, ಕೈ ಬಿಚ್ಚಿರತ್ತೆ, ಬಲ ಇರೋನು ಬೇಕಂತ ಕೆಳಗೆ ಬೀಳ್ತಾನೆ, ಒಂದ್ಸಲ ಇವ್ನು ಅಟ್ಟಿಸ್ಕೊಂಡು ಹೋದ್ರೆ ಇನ್ನೊಂದ್ಸಲ ಅವ್ನು. ಜಗಳ ಆದ್ರೆ ಹುಬ್ಬು ಗಂಟಿಕ್ಕಿರತ್ತೆ, ಮುಷ್ಟಿ ಬಿಗಿದಿರತ್ತೆ, ಸಾಮಾನ್ಯವಾಗಿ ಕಾರಣ ಒಂದು ವಸ್ತು. ಎಲ್ಲಕ್ಕಿಂತ ಗಟ್ಟಿ ಗುರುತು ಮುಗಿದ್ಮೇಲೆ ಏನಾಗತ್ತೆ ಅನ್ನೋದು, ಆಟ ಆಗಿದ್ರೆ ಇಬ್ರೂ ಒಟ್ಟಿಗೇ ಇರ್ತಾರೆ, ಜಗಳ ಆಗಿದ್ರೆ ಒಬ್ಬ ಒಂದ್ಕಡೆ ಹೋಗ್ತಾನೆ. ಆಟ ತಿರುಗಿ ಜಗಳ ಆಗೋದೂ ಉಂಟು, ಒಬ್ಬನ ನಗು ನಿಂತಿದೆ ಅಂದ್ರೆ ನೀವು ಎದ್ದು ಹತ್ರ ಹೋಗೋ ಹೊತ್ತು ಅದು.

ಲಗೋರಿ, ಗೋಲಿ, ಕುಂಟೆಬಿಲ್ಲೆ ಥರದ ಆಟಕ್ಕೂ ಬೆರೆಯೋದಕ್ಕೂ ಏನು ಸಂಬಂಧ?

ಇವು ರೂಲ್ಸ್ ಇರೋ ಆಟಗಳು, ಆರೇಳು ವರ್ಷದ ಮೇಲೆ ಚೆನ್ನಾಗಿ ಕಚ್ಕೊಳತ್ತೆ. ಮನಃಶಾಸ್ತ್ರಜ್ಞ ಜೀನ್ ಪಿಯಾಜೆ ಸ್ವಿಟ್ಜರ್ಲೆಂಡ್ ಹುಡುಗ್ರ ಗೋಲಿ ಆಟ ನೋಡಿ, ಅವ್ರ ಹತ್ರನೇ ನಿಯಮ ಕೇಳಿ ಕೇಳಿ, ಮಕ್ಕಳ ನ್ಯಾಯ-ಅನ್ಯಾಯದ ಬಗ್ಗೆ 1932ರಲ್ಲಿ ಪುಸ್ತಕಾನೇ ಬರೆದ್ರು. ಚಿಕ್ಕವ್ರಿಗೆ ರೂಲು ಅಂದ್ರೆ ಯಾರೋ ದೊಡ್ಡವ್ರು ಮಾಡಿಟ್ಟಿದ್ದು, ಮುಟ್ಟೋ ಹಾಗಿಲ್ಲ, ಬೆಳೀತಾ ಬೆಳೀತಾ ಎಲ್ರೂ ಒಪ್ಪಿದ್ರೆ ಬದಲಾಯಿಸ್ಬಹುದು ಅಂತ ತಿಳಿಯತ್ತೆ.

ಹಾಗಾಗಿ ಇಲ್ಲಿ ಆಟಕ್ಕಿಂತ ಜಗಳ ನೋಡ್ಬೇಕು. ಬಚ್ಚೆ ಗೆರೆ ಮೇಲೆ ಬಿತ್ತಾ ಒಳಗೆ ಬಿತ್ತಾ, ಚೆಂಡು ತಾಗ್ತಾ ಇಲ್ವಾ, ನಮ್ಮೂರಲ್ಲಿ ಹಂಗಲ್ಲ ಹಿಂಗೆ ಆಡೋದು ಅಂತ ಆಟಕ್ಕಿಂತ ವಾದವೇ ಉದ್ದ ಇರತ್ತೆ. ದೊಡ್ಡವ್ರಿಗೆ ಇದು ಟೈಮ್ ವೇಸ್ಟ್ ಅನ್ಸತ್ತೆ, ಆದ್ರೆ ಅಂಪೈರ್ ಇಲ್ದೆ ತೀರ್ಮಾನ ಮಾಡೋದು ಬೇರೆ ಎಲ್ಲೂ ಕಲಿಯೋಕೆ ಸಿಗಲ್ಲ. ಟೂ ಬಿಟ್ಟೋರು ಯಾರು ಮೊದ್ಲು ಮಾತಾಡಿಸಿದ್ರು, ಏನಂತ ಮಾತಾಡಿಸಿದ್ರು ಅಂತ ಬರ್ಕೊಳ್ಳಿ, ಅದಕ್ಕೆ ಚಿನ್ನದ ಬೆಲೆ. ಕೋಚಿಂಗ್ ಕ್ಯಾಂಪಲ್ಲಿ ವಿಸಿಲ್ ಹಾಕಿ ಸರ್ ಒಬ್ರೇ ಎಲ್ಲಾ ತೀರ್ಮಾನ ಮಾಡ್ತಾರೆ, ಆಟ ಚೆನ್ನಾಗಿ ಬರತ್ತೆ, ಈ ಭಾಗ ಮಾತ್ರ ತಪ್ಪಿ ಹೋಗತ್ತೆ.

ದೊಡ್ಡ ಮಕ್ಕಳ ಜೊತೆ ಚಿಕ್ಕವ್ರನ್ನ ಬಿಡ್ಬಹುದಾ?

ಬಿಡ್ಬೇಕು ಅಂತ್ಲೇ ನನ್ನ ಅಭಿಪ್ರಾಯ. ಈಗ ಎಲ್ಲಾ ಕಡೆ ವಯಸ್ಸಿಗೊಂದು ಬ್ಯಾಚ್ ಮಾಡಿಟ್ಟಿದೀವಿ. ನಮ್ಮ ಬೀದಿ ಆಟದಲ್ಲಿ ತಮ್ಮ ತಂಗೀರನ್ನ ಕಂಕುಳಲ್ಲಿ ಎತ್ಕೊಂಡು ಬಂದವ್ರಿಗೂ ಜಾಗ ಇತ್ತು, ಆ ಚಿಕ್ಕವ್ರು ಆಟಕ್ಕುಂಟು ಲೆಕ್ಕಕ್ಕಿಲ್ಲ. ಔಟ್ ಆದ್ರೂ ಔಟಿಲ್ಲ, ಓಡ್ಬಹುದು ಕಿರುಚ್ಬಹುದು, ಪಾಯಿಂಟ್ ಮಾತ್ರ ಇಲ್ಲ. ಎಂಥಾ ಒಳ್ಳೆ ವ್ಯವಸ್ಥೆ ನೋಡಿ, ಚಿಕ್ಕವ್ರಿಗೆ ಅವಮಾನ ಇಲ್ದೆ ಕಲಿಯೋಕೆ ಸಿಗತ್ತೆ, ದೊಡ್ಡವ್ರಿಗೆ ಆಟನೂ ಕೆಡಲ್ಲ. ಇದನ್ನ ಮಾಡಿದ್ದು ಮಕ್ಕಳೇ. ಒಂದಿನ ಆ ಚಿಕ್ಕವ್ನು "ನನ್ನೂ ಲೆಕ್ಕಕ್ಕೆ ಇಟ್ಕೊಳ್ಳಿ" ಅಂತ ಹಠ ಹಿಡೀತಾನೆ, ಆ ದಿನ ಸಿಕ್ರೆ ಡೇಟ್ ಹಾಕಿ ಬರೆದಿಟ್ಕೊಳ್ಳಿ.

ನಮ್ಮ ಅಪಾರ್ಟ್‌ಮೆಂಟಲ್ಲಿ ಒಬ್ಬೊಬ್ರದ್ದು ಒಂದೊಂದು ಭಾಷೆ. ಮಗಳಿಗೆ ಕನ್ನಡ ಬಿಟ್ರೆ ಬರಲ್ಲ.

ಓಡೋ ಆಟದಿಂದ ಶುರು ಆಗ್ಲಿ. ಜೂಟಾಟಕ್ಕೆ, ಕಣ್ಣಾಮುಚ್ಚಾಲೆಗೆ ಭಾಷೆ ಬೇಕಿಲ್ಲ. ಮನೆ ಆಟಕ್ಕೆ ಮಾತು ಬೇಕೇ ಬೇಕು, ಹಾಗಾಗಿ ಅಲ್ಲಿ ಹಿಂದೆ ಉಳಿದ್ರೆ ಅದನ್ನ ನಾಚಿಕೆ ಸ್ವಭಾವ ಅಂತ ಬರ್ಕೊಂಡ್ಬಿಡ್ಬೇಡಿ. ವಿದೇಶದಲ್ಲಿರೋ ಕನ್ನಡದವ್ರ ಮಕ್ಕಳಿಗೂ ಇದೇ ಮಾತು.

ನೋಡೋದು ಅಂದ್ರೆ ಹೆಂಗೆ? ಬರೀಬೇಕಾ?

ಬರೆದ್ರೆ ಒಳ್ಳೇದು, ನೆನಪು ನಮಗೆ ಬೇಕಾದ್ದನ್ನೇ ಇಟ್ಕೊಳತ್ತೆ. ಹತ್ತು ನಿಮಿಷ ಸಾಕು, ಆದ್ರೆ ಬೇರೆ ಬೇರೆ ದಿನ, ಬೇರೆ ಬೇರೆ ಹೊತ್ತು. ಮಕ್ಕಳ ಎದುರಿಗೆ ನಿಂತ್ಕೊಬೇಡಿ, ಸೊಪ್ಪು ಬಿಡಿಸ್ತಾನೋ ಬಟ್ಟೆ ಮಡಚ್ತಾನೋ ಪಕ್ಕದಲ್ಲಿ ಕೂತ್ಕೊಳ್ಳಿ, ಸ್ವಲ್ಪ ಹೊತ್ತಿಗೆ ನಿಮ್ಮನ್ನ ಮರೀತಾರೆ. ಕಂಡಿದ್ದನ್ನ ಮಾತ್ರ ಬರೀರಿ. "ಹಠ ಮಾಡಿದ" ಅಂತ ಬರೆದ್ರೆ ಅದು ನಿಮ್ಮ ತೀರ್ಪು. "ಲಾರಿ ಎದೆಗೊತ್ಕೊಂಡ, ತಲೆ ಆಡಿಸ್ದ, ಆ ಹುಡುಗಿ ಹೋದ್ಮೇಲೆ ಅವ್ಳ ಕಡೆ ನೋಡ್ದ, ಹೋಗಿ ಲಾರಿ ಅವ್ಳ ಪಕ್ಕ ಇಟ್ಟ" ಅಂತ ಬರೆದ್ರೆ ಅದು ಅಬ್ಸರ್ವೇಶನ್, ಅದನ್ನೇ ಇನ್ನೊಬ್ರು ಓದಿದ್ರೆ ಹಠ ಅನ್ನಲ್ಲ.

ಸ್ಟೂಡೆಂಟ್ಸಿಗೆ: ಪಾರ್ಟನ್ ಥರ ಒಂದೊಂದು ನಿಮಿಷದ ಟೈಮ್ ಸ್ಯಾಂಪ್ಲಿಂಗ್ ಮಾಡೋದಾದ್ರೆ ಮಕ್ಕಳ ಸರದಿ ಮೊದ್ಲೇ ಬರ್ಕೊಳ್ಳಿ, ಇಲ್ದಿದ್ರೆ ಕಣ್ಣು ಗಲಾಟೆ ಮಾಡೋ ಮಗು ಕಡೇನೇ ಹೋಗತ್ತೆ, ಸುಮ್ನಿರೋ ಮಗು ಇಡೀ ರೆಕಾರ್ಡಲ್ಲಿ ಕಾಣಿಸೋದೇ ಇಲ್ಲ. ಜೊತೆಗೆ ಒಂದು ಮಗುವನ್ನಾದ್ರೂ ಇಪ್ಪತ್ತು ನಿಮಿಷ ಬಿಡ್ದೆ ಹಿಂಬಾಲಿಸಿ, ಒಂದು ಆಟದಿಂದ ಇನ್ನೊಂದಕ್ಕೆ ದಾಟೋದು ಕಾಣೋದು ಅದರಲ್ಲೇ. ಬೇರೆಯವ್ರ ಮಕ್ಕಳ ಹೆಸ್ರು ಬರೀಬೇಡಿ, ಅಪ್ಪ ಅಮ್ಮನ್ನ ಕೇಳ್ದೆ ವಿಡಿಯೋ ಮಾಡ್ಬೇಡಿ, ಮಾಡಿದ್ರೂ ಸ್ಟೇಟಸ್ಸಿಗೆ ಹಾಕ್ಬೇಡಿ.

ಅಂಗನವಾಡೀಲಿ ನಾನೊಬ್ಳೇ, ಊಟ, ರಿಜಿಸ್ಟರ್, ತೂಕ ನೋಡೋದು ಎಲ್ಲಾ ಇದೆ. ಆಟ ನೋಡ್ತಾ ಕೂರೋಕಾಗತ್ತಾ?

ಕಷ್ಟ ಅಂತ ಗೊತ್ತು. 1975ರ ಅಕ್ಟೋಬರ್ 2ರಂದು ಐಸಿಡಿಎಸ್, ಅಂದ್ರೆ ಅಂಗನವಾಡಿಗಳನ್ನ ನಡೆಸೋ ಸರ್ಕಾರಿ ಯೋಜನೆ, ಶುರುವಾಗಿ, ನಮ್ಮ ರಾಜ್ಯದಲ್ಲಿ ಟಿ. ನರಸೀಪುರದಿಂದ ಹೊರಟ ಈ ಕೆಲ್ಸಕ್ಕೆ ವರ್ಷ ವರ್ಷ ಹೊಸ ರಿಜಿಸ್ಟರ್ ಸೇರ್ತಾನೇ ಬಂತು. ಆದ್ರೆ 2020ರ ಶಿಕ್ಷಣ ನೀತಿನೂ 2022ರ ಬುನಾದಿ ಹಂತದ ಪಠ್ಯಕ್ರಮ ಚೌಕಟ್ಟೂ ಮೂರು ವರ್ಷ ವಯಸ್ಸಿಂದ ಆಟದ ಮೂಲಕವೇ ಕಲಿಕೆ ಅಂತ ಹೇಳ್ತಿವೆ, ಹಾಗಾಗಿ ಆಟ ನೋಡೋದು ನಿಮ್ಮ ಕೆಲ್ಸವೇ, ಯಾರಾದ್ರೂ ಕೂತಿದೀರಲ್ಲ ಅಂದ್ರೆ ಧೈರ್ಯವಾಗಿ ಹೇಳಿ. ದಿನಕ್ಕೆ ಇಬ್ರು ಮಕ್ಕಳು, ಮಗುಗೆ ಎರಡು ಸಾಲು, ಅಷ್ಟೇ ಸಾಕು, ಎಷ್ಟೇ ಮಕ್ಕಳಿದ್ರೂ ಕೆಲವು ವಾರದಲ್ಲಿ ಒಂದು ಸುತ್ತು ಮುಗಿಯತ್ತೆ.

ಯಾವಾಗ ಡಾಕ್ಟರ್‌ಗೆ ತೋರಿಸ್ಬೇಕು?

ಒಬ್ನೇ ಆಡ್ತಾನೆ ಅನ್ನೋದೊಂದಕ್ಕೇ ಅಲ್ಲ. ಹೆಸ್ರು ಕರೆದ್ರೆ ತಿರುಗಲ್ಲ, ಒಂದೂವರೆ ವರ್ಷ ಆದ್ರೂ ಬೆರಳು ತೋರಿಸಿ "ನೋಡು" ಅನ್ನಲ್ಲ, ಬರ್ತಿದ್ದ ಮಾತು ನಿಂತುಹೋಗಿದೆ, ನಟನೆ ಆಟ ಮೂರು ವರ್ಷ ದಾಟಿದ್ರೂ ಬಂದಿಲ್ಲ, ಮೊದ್ಲು ಆಡ್ತಿದ್ದವ್ಳು ಇದ್ದಕ್ಕಿದ್ದಂಗೆ ಎಲ್ಲಾ ಬಿಟ್ಟು ಕೂತಿದಾಳೆ, ಇಂಥದ್ದು ಯಾವುದಾದ್ರೂ ಇದ್ರೆ "ಗಂಡ್ಮಕ್ಕಳು ಲೇಟು" ಅಂತ ಕಾಯ್ಬೇಡಿ. ಮೊದ್ಲು ಕಿವಿ ಟೆಸ್ಟ್ ಮಾಡಿಸಿ, ಸರಿಯಾಗಿ ಕೇಳಿಸ್ದೇ ಇರೋ ಮಗುನೂ ಒಂಟಿಯಾಗೇ ಆಡತ್ತೆ. ಮಕ್ಕಳ ಡಾಕ್ಟರ್, ಜಿಲ್ಲಾ ಆಸ್ಪತ್ರೆಯ ಡಿಇಐಸಿ (ಮಕ್ಕಳ ಬೆಳವಣಿಗೆ ತೊಂದರೆ ಬೇಗ ಗುರುತಿಸಿ ನೆರವು ಕೊಡೋ) ಸೆಂಟರ್, ಮೈಸೂರಿನ ವಾಕ್ ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್ ಮಕ್ಕಳ ವಿಭಾಗ, ಎಲ್ಲಿ ಹತ್ರವೋ ಅಲ್ಲಿಗೆ ಹೋಗಿ. ಹೋಗುವಾಗ ನೀವು ಬರೆದ ನೋಟ್‌ಬುಕ್ ತಗೊಂಡು ಹೋಗಿ, ಕನ್ಸಲ್ಟೇಶನ್ ರೂಮಲ್ಲಿ ಮಗು ಮನೇಲಿದ್ದಂಗೆ ಇರಲ್ಲ, ಡಾಕ್ಟರಿಗೆ ಅದು ತುಂಬಾ ಉಪಯೋಗ.

ಒಟ್ಟಿಗೆ ಆಡ್ಲಿ ಅಂದ್ರೆ ಯಾವ ಆಟದ ಸಾಮಾನು ತರ್ಬೇಕು?

ದುಡ್ಡು ಖರ್ಚು ಮಾಡೋಕೆ ಮುಂಚೆ ಮನೇಲಿರೋದು ನೋಡಿ. ಜಿಗ್‌ಸಾ, ಕಲರಿಂಗ್ ಬುಕ್, ಮಣಿ ಪೋಣಿಸೋದು ಇವೆಲ್ಲ ಒಬ್ಬರೇ ಅಥ್ವಾ ಪಕ್ಕಪಕ್ಕ ಆಡಿಸೋ ಸಾಮಾನು, ಅವೂ ಬೇಕು. ಒಟ್ಟಿಗೆ ಆಡ್ಬೇಕಂದ್ರೆ ಒಬ್ರಿಂದ ಆಗ್ದೇ ಇರೋ ಅಂಥದ್ದು ಬೇಕು: ದೊಡ್ಡ ರಟ್ಟಿನ ಡಬ್ಬ, ಎರಡು ಕುರ್ಚಿ ಮೇಲೆ ಹಾಕಿ ಡೇರೆ ಮಾಡೋಕೆ ಹಳೇ ಸೀರೆ, ಹಗ್ಗ, ಅಡುಗೆ ಆಟದ ಪಾತ್ರೆ ಸೆಟ್ಟು, ಮರಳು, ನೀರು. ಬ್ಯಾಟರಿ ಹಾಕಿದ್ರೆ ತಾನೇ ಹಾಡಿ ತಾನೇ ಕುಣಿಯೋ ಗೊಂಬೆಗಳ ಜೊತೆ ಮಕ್ಕಳಿಗೆ ಮಾಡೋಕೆ ಏನೂ ಉಳಿಯಲ್ಲ. ಸ್ವಲ್ಪ ದೊಡ್ಡವ್ರಿಗೆ ಅಳಗುಳಿಮಣೆ, ಚೌಕಾಬಾರ ಕಲ್ಸಿ, ಅಜ್ಜಿ ಇದ್ರೆ ಅವ್ರೇ ಕಲ್ಸಲಿ, ಹುಣಸೆಬೀಜ ಎಣಿಸ್ವಾಗ ಅಜ್ಜಿ ಮೋಸ ಮಾಡಿದ್ರೂ ಹಿಡಿಯೋಕೆ ಬಿಡಿ. ಮತ್ತೆ ಎಲ್ಲಾ ಸಾಮಾನೂ ಒಂದೇ ದಿನ ಹೊರಗೆ ತೆಗೀಬೇಡಿ.